ಮೂಗಿಗಿಂತ ಮೂಗುತಿ ಭಾರವೇ? ಒಂದು ಹಳೇ ಹಾಟ್ ಹ್ಯಾಚ್‌ನ ರಿಪೇರಿ ಲೆಕ್ಕ

ಅಕ್ಕನ ಮಗ ಫೋನ್ ಮಾಡಿದಾಗ ಅವನ ದನಿಯಲ್ಲೇ ಗೊತ್ತಾಯಿತು, ವಿಷಯ ಕಾರಿನದ್ದು ಅಂತ.

"ಮಾವ, ಇದನ್ನ ಮಾಡಿಸ್ಲಾ, ಬಿಟ್ಟುಬಿಡ್ಲಾ? ಗ್ಯಾರೇಜಿನವರು ಹೇಳಿದ ಖರ್ಚು ಕಾರಿನ ಬೆಲೆಗಿಂತ ಜಾಸ್ತಿ ಆಗ್ತಿದೆ."

ಕಾರಿನ ಪರಿಚಯ ಮೊದಲು ಹೇಳಿಬಿಡುತ್ತೇನೆ. 14 ವರ್ಷ ಹಳೆಯದು. 1.6 ಲೀಟರ್ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ) ಪೆಟ್ರೋಲ್, ಡೈರೆಕ್ಟ್ ಇಂಜೆಕ್ಷನ್, 6 ಗೇರಿನ ಮ್ಯಾನ್ಯುಯಲ್, ಮುಂದಿನ ಚಕ್ರಕ್ಕೆ ಎಳೆತ. ಮೀಟರಿನಲ್ಲಿ 1,68,000 ಕಿಲೋಮೀಟರ್. ಅವನು ಮೂರನೇ ಓನರ್, ಕೈಗೆ ಬಂದು 4 ವರ್ಷ. ಕಂಪನಿ ಹೆಸರು ಇಲ್ಲಿ ಬೇಡ. ಈ ತರದ ಎಂಜಿನ್ ಇರುವ ಕಾರುಗಳು ಬೇಕಾದಷ್ಟಿವೆ, ಕಾಯಿಲೆಗಳೂ ಹೆಚ್ಚುಕಡಿಮೆ ಒಂದೇ.

ಹಾಟ್ ಹ್ಯಾಚ್ ಅಂದರೆ ಸಣ್ಣ ಹ್ಯಾಚ್‌ಬ್ಯಾಕ್ ಮೈಗೆ ಜೋರು ಎಂಜಿನ್ ಹಾಕಿದ ಕಾರು. ಈ ಚಟ ಹಳೆಯದು. 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಗೆ ಇದ್ದದ್ದು 110 ಅಶ್ವಶಕ್ತಿ, ತೂಕ ಸುಮಾರು 800 ಕಿಲೋ. ಆಮೇಲಿನ ಇಂಥ ಕಾರುಗಳು ತೂಕದಲ್ಲೂ ಶಕ್ತಿಯಲ್ಲೂ ತುಂಬಾ ಬೆಳೆದವು. ಓಡಿಸುವವರಿಗೆ ಮಜಾ. ಆದರೆ ಆ ಮಜಾದ ಬಿಲ್ಲು ಕ್ಲಚ್, ಬುಷ್, ಬ್ರೇಕು, ಟರ್ಬೊ ಇವುಗಳ ಹೆಸರಿಗೆ ಬರುತ್ತದೆ. ಅದೇ ಮಾಡೆಲ್ಲಿನ ಸಾದಾ ಕಾರಿಗೆ ಸಿಗುವ ಡಿಸ್ಕು, ಸ್ಟ್ರಟ್ಟು (ಮುಂದಿನ ಶಾಕ್ ಅಬ್ಸಾರ್ಬರ್ ಕಂಬ) ಇದಕ್ಕೆ ಕೂರುವುದಿಲ್ಲ. ಇದರದ್ದೇ ಬೇರೆ ಸೈಜು, ಬೇರೆ ರೇಟು. ಕಾರಿನ ಬೆಲೆ ಮಾತ್ರ ಸಾದಾ ಕಾರಿನ ಹಾಗೆಯೇ ಇಳಿಯುತ್ತಾ ಹೋಗುತ್ತದೆ. ಹತ್ತು ಹದಿನೈದು ವರ್ಷ ದಾಟಿದ ಮೇಲೆ ಮೂಗಿಗಿಂತ ಮೂಗುತಿ ಭಾರ ಆಗುವುದು ಹೀಗೆ.

ಮೊದಲ ಚೀಟಿ

ಕಾರಿನ ತಕರಾರುಗಳು ಇಷ್ಟು. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮೂರು ನಾಲ್ಕು ಸೆಕೆಂಡು ಕರಕರ ಸದ್ದು. ನಿಂತಲ್ಲಿ ಎಂಜಿನ್ ನಡುಗುತ್ತದೆ. ಚೆಕ್ ಎಂಜಿನ್ ದೀಪ ಹತ್ತಿಕೊಂಡೇ ಇರುತ್ತದೆ, ಕೆಲವೊಮ್ಮೆ ಮಿಟುಕುತ್ತದೆ. 1,500 ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ತಿನ್ನುತ್ತದೆ. ಏರಿನಲ್ಲಿ ನಾಲ್ಕನೇ ಗೇರಿನಲ್ಲಿ ಒತ್ತಿದರೆ ಎಂಜಿನ್ ಕಿರುಚುತ್ತದೆ, ಕಾರು ಮಾತ್ರ ಎಳೆಯುವುದಿಲ್ಲ. ಹಂಪ್ ದಾಟುವಾಗ ಮುಂದೆ ಕಟಕಟ. ಕೂಲಂಟ್ ತಿಂಗಳಿಗೊಮ್ಮೆ ಟಾಪ್ ಅಪ್ ಮಾಡಬೇಕು.

ಗ್ಯಾರೇಜಿನವರು ಸ್ಕ್ಯಾನರ್ ಹಾಕಿದರು, ಒಂದು ರೌಂಡ್ ಓಡಿಸಿದರು, ಚೀಟಿ ಬರೆದರು. ಎಂಜಿನ್ ಬೋರಿಗೆ ಬಂದಿದೆ, ಅಂದರೆ ಸಿಲಿಂಡರ್ ಒಳಗೆ ಸವೆದಿದೆ, ಬಿಚ್ಚಿ ಕೊರೆಸಬೇಕು. ಟರ್ಬೊ ಆಯಿಲ್ ಬಿಡುತ್ತಿದೆ. ಕ್ಲಚ್, ಫ್ಲೈವೀಲ್ ಎರಡೂ ಹೋಗಿವೆ. ಸಸ್ಪೆನ್ಷನ್ ಕೆಲಸ. ಕೂಲಂಟ್ ಹರಿಯುವ ಥರ್ಮೋಸ್ಟಾಟ್ ಹೌಸಿಂಗ್ ಲೀಕ್.

ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಕೆಲಸ ಮಾಡೋಣ. ಇದೇ ಮಾಡೆಲ್, ಇದೇ ವಯಸ್ಸು, ಸುಮಾರಾಗಿ ಓಡುವ ಸ್ಥಿತಿಯಲ್ಲಿರುವ ಕಾರಿನ ಬೆಲೆ 100 ಅಂತ ಇಟ್ಟುಕೊಳ್ಳಿ. ಆಗ ಅವರ ಚೀಟಿ ಹೀಗೆ: ಎಂಜಿನ್ 65, ಟರ್ಬೊ 25, ಕ್ಲಚ್ ಮತ್ತು ಫ್ಲೈವೀಲ್ 30, ಸಸ್ಪೆನ್ಷನ್ 12, ಥರ್ಮೋಸ್ಟಾಟ್ 8. ಒಟ್ಟು 140. ಈಗಿರುವ ಸ್ಥಿತಿಯಲ್ಲೇ ಮಾರಿದರೆ ಸಿಗುವುದು 45.

ನೂರು ಬೆಲೆಯ ಕಾರಿಗೆ ನೂರನಲವತ್ತು ಹಾಕುವವನು ಹುಚ್ಚ. ಅಷ್ಟೇ ಆಗಿದ್ದರೆ ಈ ಬರಹವೂ ಬೇಕಿರಲಿಲ್ಲ. ಆದರೆ ಆ ಚೀಟಿಯಲ್ಲಿ ನನಗೆ ಒಂದು ವಿಷಯ ಸರಿ ಕಾಣಲಿಲ್ಲ. ಎಂಜಿನ್ ಬೋರಿಗೆ ಬಂದಿದೆ ಅಂತ ಬರೆದಿದ್ದಾರೆ, ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಗಾಳಿಯ ಒತ್ತಡ, ಎಷ್ಟಿದೆ ಅಂತ ಬರೆದಿಲ್ಲ. ಅಳತೆಯನ್ನೇ ಮಾಡಿಲ್ಲ. ಅಂದರೆ ಅದು ಲಕ್ಷಣಗಳ ಪಟ್ಟಿಗೆ ಹಾಕಿದ ರೇಟು, ಕಾಯಿಲೆಗೆ ಹಾಕಿದ್ದಲ್ಲ. ಅವರು ಮೋಸಗಾರರು ಅಂತಲ್ಲ. ಹಳೇ ಕಾರು ಬಂದರೆ ಎಷ್ಟೋ ಗ್ಯಾರೇಜುಗಳು ದೊಡ್ಡ ಮೊತ್ತ ಹೇಳಿ ಕೈ ತೊಳೆದುಕೊಳ್ಳುತ್ತವೆ. ಒಂದು ಸರಿಮಾಡಿದ ಮೇಲೆ ಇನ್ನೊಂದು ಕೆಟ್ಟರೆ ಬೈಗುಳ ತಿನ್ನುವುದು ಯಾರು?

"ಮೊದಲು ರಿಪೇರಿಗೆ ದುಡ್ಡು ಬೇಡ," ಅಂದೆ. "ಏನಾಗಿದೆ ಅಂತ ತಿಳಿದುಕೊಳ್ಳೋದಕ್ಕೆ ಖರ್ಚು ಮಾಡು. ಒಂದು ನಾಲ್ಕು ಪಾಲು ಸಾಕು."

"ಅದೂ ಹೋದ್ರೆ?"

"ನಾಲ್ಕು ಹೋಗುತ್ತೆ. ನೂರನಲವತ್ತು ಉಳಿಯುತ್ತೆ."

ತಗಡು ಮೊದಲು

ಇಂಥ ಕಾರು ನೋಡುವಾಗ ಎಲ್ಲರೂ ಬೋನೆಟ್ ಎತ್ತುತ್ತಾರೆ. ನಾನು ಮೊದಲು ಕೆಳಗೆ ನೋಡುತ್ತೇನೆ. ಎಂಜಿನ್ ಹೋದರೆ ಇನ್ನೊಂದು ತಂದು ಕೂರಿಸಬಹುದು, ಗೇರ್ ಬಾಕ್ಸೂ ಅಷ್ಟೇ. ಮೈಯೇ ಕೊಳೆತಿದ್ದರೆ ಏನು ಹಾಕಿದರೂ ದಂಡ. ಅದೂ ಅಲ್ಲದೆ ಈ ಪರೀಕ್ಷೆಗೆ ಖರ್ಚೇ ಇಲ್ಲ. ಇಲ್ಲೇ ಫೇಲ್ ಆದರೆ ಮುಂದಿನ ನಾಲ್ಕೂ ಉಳಿಯುತ್ತದೆ.

ಗೊತ್ತಿರುವ ಒಬ್ಬ ಮೆಕ್ಯಾನಿಕ್ ಹತ್ತಿರ ಕಾರನ್ನು ಲಿಫ್ಟಿಗೆ ಹಾಕಿಸಿದೆವು. ಜ್ಯಾಕ್ ಕೊಡುವ ಜಾಗ, ಬಾಗಿಲ ಕೆಳಗಿನ ಸಿಲ್, ಮುಂದಿನ ಸಬ್‌ಫ್ರೇಮ್ ಬೋಲ್ಟುಗಳ ಸುತ್ತ, ಹಿಂದಿನ ಸ್ಪ್ರಿಂಗ್ ಕೂರುವ ಬಟ್ಟಲು, ಬ್ರೇಕ್ ಪೈಪು, ಮೇಲೆ ಬೋನೆಟ್ ಒಳಗೆ ಸ್ಟ್ರಟ್ ತಲೆ ಕೂರುವ ಗುಮ್ಮಟ. ಸ್ಕ್ರೂಡ್ರೈವರಿನ ಹಿಡಿಯಿಂದ ಒಂದೊಂದು ಕಡೆ ತಟ್ಟುತ್ತಾ ಹೋಗುವುದು. ಗಟ್ಟಿ ತಗಡು 'ಟಣ್' ಅನ್ನುತ್ತದೆ. ಒಳಗೆ ತಿಂದುಹೋಗಿದ್ದರೆ 'ಥಪ್' ಅಂತ ಮಂಕಾಗಿ ಕೇಳುತ್ತದೆ, ಕೆಲವೊಮ್ಮೆ ಹಿಡಿ ಜೊತೆಗೆ ತುಕ್ಕಿನ ಹಕ್ಕಳೆಯೂ ಕೆಳಗೆ ಬೀಳುತ್ತದೆ. ಬಣ್ಣ ನೋಡಿ ಮೋಸ ಹೋಗಬಾರದು. ಕಪ್ಪು ಅಂಡರ್‌ಕೋಟಿಂಗ್ ಹೊಸದಾಗಿ ಬಳಿದಿದ್ದರಂತೂ ಅನುಮಾನ ಜಾಸ್ತಿಯೇ ಇರಬೇಕು.

ಎಡಗಡೆಯ ಹಿಂದಿನ ಚಕ್ರದ ಕಮಾನಿನ ತುದಿಯಲ್ಲಿ ಒಂದು ಕಡೆ 'ಥಪ್' ಅಂತು. ಬೆರಳಿನಿಂದ ಒತ್ತಿದರೆ ನಾಣ್ಯದಷ್ಟು ತೂತಾಯಿತು. ಹುಡುಗನ ಮುಖ ಇಳಿಯಿತು. ಆದರೆ ಅದು ಭಾರ ಹೊರುವ ಜಾಗ ಅಲ್ಲ, ಹೊರಗಿನ ತಗಡಿನ ತುದಿ. ಕತ್ತರಿಸಿ ತೇಪೆ ಹಾಕಿದರೆ ಆಯಿತು. ಉಳಿದ ಕಡೆಯೆಲ್ಲ 'ಟಣ್'. ಹಿಂದಿನ ಆಕ್ಸಲ್ ತೊಲೆ ಕೆಂಪಾಗಿತ್ತು, ಮೇಲ್ಮೈಯಲ್ಲಷ್ಟೇ. ಬ್ರೇಕ್ ಪೈಪು ಚೆನ್ನಾಗಿದ್ದವು.

ಇದೇ ತೂತು ಸಿಲ್‌ನಲ್ಲೋ ಸಬ್‌ಫ್ರೇಮ್ ಬೋಲ್ಟಿನ ಪಕ್ಕದಲ್ಲೋ ಇದ್ದಿದ್ದರೆ ಅಲ್ಲಿಗೇ ನಿಲ್ಲಿಸಿ 45ಕ್ಕೆ ಮಾರು ಅನ್ನುತ್ತಿದ್ದೆ.

ಎರಡನೇ ಸಿಲಿಂಡರ್

ಈಗ ಬೋನೆಟ್. ಡಿಪ್‌ಸ್ಟಿಕ್ ಎಳೆದರೆ ತುದಿ ಮಾತ್ರ ಒದ್ದೆ.

"ಆಯಿಲ್ ದೀಪ ಹತ್ತಿಲ್ವಲ್ಲ ಮಾವ?"

ಇದು ಬಹಳ ಜನರ ತಪ್ಪು ತಿಳಿವಳಿಕೆ. ಆ ಕೆಂಪು ದೀಪ ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ, ಒತ್ತಡ ಬಿದ್ದುಹೋಗಿದೆ ಅಂತ ಹೇಳುತ್ತದೆ. ಅದು ಹತ್ತುವ ಹೊತ್ತಿಗೆ ಬೇರಿಂಗಿನಲ್ಲಿ ಲೋಹಕ್ಕೆ ಲೋಹ ಉಜ್ಜಲು ಶುರುವಾಗಿರಬಹುದು. ಇಲ್ಲಿ ಇನ್ನೊಂದು ಸಂಬಂಧವೂ ಇತ್ತು. ಈ ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸಿ ಮುಚ್ಚಿಸುವ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ರಾತ್ರಿಯಿಡೀ ನಿಂತು ಆಯಿಲ್ ಇಳಿದುಹೋಗಿ, ಚೈನೂ ಸ್ವಲ್ಪ ಉದ್ದವಾಗಿದ್ದರೆ, ಬೆಳಿಗ್ಗೆ ಒತ್ತಡ ಏರುವ ತನಕ ಚೈನು ಗೈಡಿಗೆ ಬಡಿಯುತ್ತದೆ. ಕರಕರ ಬಂದದ್ದು ಅಲ್ಲಿಂದ.

ಸ್ಕ್ಯಾನರಿನಲ್ಲಿ ಪಿ0302 ಇತ್ತು. ಎರಡನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಅಂತ ಅರ್ಥ. ಯಾಕೆ ಅಂತ ಅದು ಹೇಳುವುದಿಲ್ಲ. ಮೊದಲು ಬಿಟ್ಟಿ ಪರೀಕ್ಷೆ ಮಾಡಿದೆವು. ಎರಡನೆಯದರ ಕಾಯಿಲನ್ನು (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವುದು) ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಬದಲಿಸಿ ಕೋಡ್ ಅಳಿಸಿ ಓಡಿಸುವುದು. ಮಿಸ್ಸಿಂಗ್ ಕಾಯಿಲ್ ಜೊತೆಗೆ ಮೂರಕ್ಕೆ ಹೋದರೆ ಕಾಯಿಲ್ ಹಾಳು. ಹೋಗಲಿಲ್ಲ. ಎರಡರಲ್ಲೇ ಉಳಿಯಿತು. ಪ್ಲಗ್ ಅದಲುಬದಲು ಮಾಡಿದರೂ ಅದೇ.

ಆಮೇಲೆ ಕಂಪ್ರೆಷನ್. ಎಂಜಿನ್ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ತೆಗೆದಿರಬೇಕು, ಪೆಟ್ರೋಲ್ ಬಂದ್ ಮಾಡಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿಟ್ಟು ಸೆಲ್ಫ್ ಹೊಡೆಯಬೇಕು. ಮೆಕ್ಯಾನಿಕ್ ಒಂದೊಂದೇ ಓದಿ ಹೇಳಿದ, ನಾನು ಕಾರ್ಡ್‌ಬೋರ್ಡ್ ಡಬ್ಬದ ಮೇಲೆ ಬರೆದುಕೊಂಡೆ. 12 ಬಾರ್, 8.5, 12, 11.5.

"ನೋಡಿ ಸಾರ್, ಎರಡು ಕೂತಿದೆ."

ಇಲ್ಲಿ ಬಹಳ ಮಂದಿ ಕೈ ಎತ್ತಿಬಿಡುತ್ತಾರೆ. ಆದರೆ ಸಿಲಿಂಡರಿನಿಂದ ಗಾಳಿ ತಪ್ಪಿಸಿಕೊಳ್ಳಲು ಇರುವುದು ನಾಲ್ಕೇ ದಾರಿ. ಪಿಸ್ಟನ್ ರಿಂಗ್ ಪಕ್ಕದಿಂದ ಕೆಳಕ್ಕೆ, ಒಳಬರುವ ವಾಲ್ವಿನಿಂದ, ಹೊರಹೋಗುವ ವಾಲ್ವಿನಿಂದ, ಇಲ್ಲವೇ ಹೆಡ್ ಗ್ಯಾಸ್ಕೆಟ್ಟಿನಿಂದ. ಯಾವ ದಾರಿ ಅನ್ನುವುದರ ಮೇಲೆ ಖರ್ಚು ಹತ್ತು ಪಟ್ಟು ಏರುಪೇರಾಗಬಹುದು.

ಒಂದು ಚಮಚ ಆಯಿಲ್ ಎರಡನೇ ಸಿಲಿಂಡರಿಗೆ ಬಿಟ್ಟು ಮತ್ತೆ ಅಳೆದೆವು. ರಿಂಗ್ ಸವೆದಿದ್ದರೆ ಆಯಿಲ್ ಸಂದು ತುಂಬಿ ಒತ್ತಡ ಚೆನ್ನಾಗಿ ಏರಬೇಕು. ಏರಿದ್ದು 8.8ಕ್ಕೆ. ರಿಂಗ್ ಅಲ್ಲ. ಮುಂದೆ ಪಿಸ್ಟನ್ನನ್ನು ಮೇಲಕ್ಕೆ ತಂದು, ವಾಲ್ವುಗಳೆಲ್ಲ ಮುಚ್ಚಿರುವಾಗ, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು ಕಿವಿ ಕೊಡುವುದು. ಆಯಿಲ್ ಮುಚ್ಚಳ ತೆಗೆದು ಕೇಳಿದೆ, ಹೆಚ್ಚೇನಿಲ್ಲ. ಸೈಲೆನ್ಸರ್ ಬಾಯಲ್ಲಿ ಇಲ್ಲ. ಕೂಲಂಟ್ ಡಬ್ಬದಲ್ಲಿ ಗುಳ್ಳೆ ಇಲ್ಲ. ಥ್ರಾಟಲ್ ಹತ್ತಿರ ಕಿವಿ ಇಟ್ಟರೆ ಸುಸ್ಸ್ ಅಂತ ಸ್ಪಷ್ಟವಾಗಿ ಕೇಳಿತು. ಒಳಬರುವ ವಾಲ್ವು ಸರಿಯಾಗಿ ಕೂರುತ್ತಿಲ್ಲ.

ಮ್ಯಾನಿಫೋಲ್ಡ್ ಬಿಚ್ಚಿ ಟಾರ್ಚ್ ಹಾಕಿದಾಗ ಕಂಡದ್ದನ್ನು ಹುಡುಗ ಫೋಟೋ ತೆಗೆದುಕೊಂಡ. ವಾಲ್ವಿನ ಕಡ್ಡಿ ಕಾಣುತ್ತಲೇ ಇಲ್ಲ. ಅದರ ಸುತ್ತ ಹೊಗೆಗೂಡಿನ ಮಸಿಯಂತೆ ಕಪ್ಪು ಗಡ್ಡೆ, ಮುಟ್ಟಿದರೆ ಮೇಲೆ ಜಿಡ್ಡು, ಒಳಗೆ ಕಲ್ಲು. ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳ ಹುಟ್ಟುಗುಣ ಇದು. ಹಿಂದಿನ ಎಂಜಿನ್ನುಗಳಲ್ಲಿ ಪೆಟ್ರೋಲು ವಾಲ್ವಿನ ಹಿಂದೆ ಸಿಂಪಡಿಸಿ, ಅದನ್ನು ತೊಳೆಯುತ್ತಾ ಒಳಗೆ ಹೋಗುತ್ತಿತ್ತು. ಇಲ್ಲಿ ಪೆಟ್ರೋಲು ನೇರ ಸಿಲಿಂಡರಿಗೆ. ವಾಲ್ವಿನ ಬೆನ್ನಿಗೆ ಸಿಗುವುದು ಎಂಜಿನ್ ಒಳಗಿನಿಂದ ಬರುವ ಆಯಿಲ್ ಹಬೆ ಮಾತ್ರ. ಅದು ಕೂತು, ಸುಟ್ಟು, ಪದರ ಪದರವಾಗಿ ಬೆಳೆಯುತ್ತದೆ. ಒಂದು ಚೂರು ವಾಲ್ವಿಗೂ ಅದರ ಸೀಟಿಗೂ ಮಧ್ಯ ಸಿಕ್ಕಿಕೊಂಡರೆ ಸಾಕು, ಕಂಪ್ರೆಷನ್ ಹೋಯಿತು.

ಆಯಿಲ್ ಹಬೆ ಇಷ್ಟೊಂದು ಯಾಕೆ ಅನ್ನುವುದಕ್ಕೂ ಉತ್ತರ ಅಲ್ಲೇ ಸಿಕ್ಕಿತು. ವಾಲ್ವ್ ಕವರ್ ಒಳಗಿನ ರಬ್ಬರ್ ಪೊರೆ ಹರಿದಿತ್ತು. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆಯಲು ಹೋದರೆ ಒಳಗಿನಿಂದ ಯಾರೋ ಹಿಡಿದೆಳೆದ ಹಾಗೆ ಬಿಗಿ. ಆ ಪೊರೆ ಹರಿದರೆ ಎಂಜಿನ್ ತನ್ನ ಆಯಿಲ್ಲನ್ನು ತಾನೇ ಹೀರಿ ಸುಡುತ್ತದೆ. 1,500 ಕಿಲೋಮೀಟರಿಗೆ ಒಂದು ಲೀಟರಿನ ಗುಟ್ಟು ಬಹುಪಾಲು ಇದೇ.

ಟರ್ಬೊ? ಪೈಪು ಬಿಚ್ಚಿ ಚಕ್ರವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದೆವು. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇತ್ತು. ಅದು ಇರಬೇಕಾದ್ದೇ, ಶಾಫ್ಟ್ ತೇಲುವುದು ಆಯಿಲ್ ಪೊರೆಯ ಮೇಲೆ. ಹಿಂದೆ ಮುಂದೆ ಆಟ ಇಲ್ಲ, ರೆಕ್ಕೆಗಳು ಗೋಡೆಗೆ ತಾಗಿದ ಗುರುತಿಲ್ಲ. ಪೈಪಿನೊಳಗಿನ ಜಿಡ್ಡು ಆ ಹರಿದ ಪೊರೆಯ ಪ್ರಸಾದ. ಚೀಟಿಯಿಂದ 25 ಹೊಡೆದುಹಾಕಿದೆ.

ಹಳೇ ಓನರ್ ಬಿಟ್ಟುಹೋದದ್ದು

ಕ್ಲಚ್ ವಿಷಯ ಸ್ವಲ್ಪ ವಿಚಿತ್ರ. ಸ್ಕ್ಯಾನರಿನಲ್ಲಿ ಟರ್ಬೊ ಒತ್ತಡ ಇರಬೇಕಾದ್ದಕ್ಕಿಂತ ಮೇಲೆ ಓಡುತ್ತಿತ್ತು. ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ನಂಬರ್ ನೋಡಿದರೆ ಕಂಪನಿಯದ್ದಕ್ಕೆ ಹೊಂದಲಿಲ್ಲ. ಹಿಂದಿನ ಯಾರೋ ಓನರ್ ಶಕ್ತಿ ಹೆಚ್ಚಿಸುವ ಬೇರೆ ಸಾಫ್ಟ್‌ವೇರ್, ಅಂದರೆ ಟ್ಯೂನ್ ಹಾಕಿಸಿದ್ದ. ಮಾರುವಾಗ ಬಾಯಿ ಬಿಟ್ಟಿರಲಿಲ್ಲ.

"ಅದಕ್ಕೇ ಅಷ್ಟು ಪಿಕಪ್ಪು!" ಅಂದ ಹುಡುಗ. ಖುಷಿಯಾಗಿದ್ದು ಮುಖದಲ್ಲೇ ಗೊತ್ತಾಯಿತು.

ಆ ಖುಷಿಗೆ ಬೆಲೆ ಕಟ್ಟಿದ್ದು ಕ್ಲಚ್ಚು. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಸ್ಪ್ರಿಂಗಿಗೆ ಒಂದು ಮಿತಿ ಇರುತ್ತದೆ. ಎಂಜಿನ್ನಿನ ತಿರುಚು ಬಲ ಅದನ್ನು ದಾಟಿದರೆ ಪ್ಲೇಟು ಜಾರುತ್ತದೆ, ಜಾರಿದಷ್ಟೂ ಸವೆಯುತ್ತದೆ. ಕಂಪನಿಯ ಸಾಫ್ಟ್‌ವೇರ್ ವಾಪಸ್ ಹಾಕಿ ಅದೇ ಏರಿನಲ್ಲಿ, ನಾಲ್ಕನೇ ಗೇರಿನಲ್ಲಿ, ಕಡಿಮೆ ಸ್ಪೀಡಿನಿಂದ ಪೂರ್ತಿ ಒತ್ತಿ ನೋಡಿದೆವು. ಜಾರಲಿಲ್ಲ. ಪೆಡಲ್ ತುಂಬಾ ಮೇಲೆ ಬಂದಾಗ ಹಿಡಿಯುತ್ತಿತ್ತು, ಅಂದರೆ ಪ್ಲೇಟು ಮುಕ್ಕಾಲು ಮುಗಿದಿದೆ. ಆದರೂ ಇವತ್ತೇ ಗೇರ್ ಬಾಕ್ಸ್ ಇಳಿಸುವ ಅವಸರ ಇಲ್ಲ. ಈ 30 ತಪ್ಪಿಹೋಗಲಿಲ್ಲ, ಮುಂದಕ್ಕೆ ಹೋಯಿತು. ಹಳೇ ಕಾರಿನ ಲೆಕ್ಕದಲ್ಲಿ ಈ ಎರಡನ್ನೂ ಬೇರೆ ಬೇರೆ ಇಡದಿದ್ದರೆ ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗೆ.

ಅಂದಹಾಗೆ ಆ ಟೆಸ್ಟ್ ಡ್ರೈವಿನಲ್ಲಿ ಸ್ಟೀರಿಂಗ್ ನನ್ನ ಕೈಲಿತ್ತು. ಮೂರು ಸಾವಿರ ಆರ್‌ಪಿಎಂ ದಾಟಿದ ಮೇಲೆ ಬೆನ್ನಿಗೆ ಸೀಟು ಬಂದು ಒತ್ತುತ್ತದಲ್ಲ, ಆಗ ಯಾವ ಖರ್ಚೂ ಜಾಸ್ತಿ ಅನ್ನಿಸುವುದಿಲ್ಲ. ಲೆಕ್ಕ ಮಾಡುವುದಿದ್ದರೆ ಓಡಿಸುವ ಮೊದಲೇ ಮಾಡಿ ಮುಗಿಸಿ.

ಎರಡು ವರ್ಷದ ಲೆಕ್ಕ

ಪರೀಕ್ಷೆಗಳಿಗೆ 4 ಆಯಿತು. ಈಗ ಕೆಲಸಗಳನ್ನು ಎರಡು ಕಂತು ಮಾಡಿದೆ. ಮೊದಲ ಕಂತಿನಲ್ಲಿ ವಾಲ್ವಿನ ಮಸಿ ತೆಗೆಯುವುದು 9, ಪೊರೆ ಸಮೇತ ವಾಲ್ವ್ ಕವರ್ 6, ಥರ್ಮೋಸ್ಟಾಟ್ ಹೌಸಿಂಗ್ 8, ಪ್ಲಗ್ ಮತ್ತು ಆಯಿಲ್ 5. ಒಟ್ಟು 28. ಇಷ್ಟು ಮಾಡಿಸಿ ಕಂಪ್ರೆಷನ್ ಮತ್ತೆ ಅಳೆಯುವುದು. ಎರಡನೇ ಸಿಲಿಂಡರ್ 11 ಮುಟ್ಟದಿದ್ದರೆ ವಾಲ್ವೇ ಸುಟ್ಟಿದೆ ಅಥವಾ ಬಾಗಿದೆ ಅಂತ ಅರ್ಥ, ಹೆಡ್ ಇಳಿಸಬೇಕಾಗುತ್ತದೆ. ಹಾಗಾದರೆ ಅಲ್ಲಿಗೇ ನಿಲ್ಲಿಸಿ ಮಾರುವುದು. ಮುಟ್ಟಿದರೆ ಮಾತ್ರ ಎರಡನೇ ಕಂತು: ಚೈನು, ಟೆನ್ಷನರ್, ಗೈಡುಗಳು 26, ಲೋವರ್ ಆರ್ಮ್ ಬುಷ್ ಮತ್ತು ಸ್ಟ್ರಟ್ ಮೇಲಿನ ಮೌಂಟ್ 12.

ನಿಲ್ಲಿಸುವ ಜಾಗವನ್ನು ಮೊದಲೇ ಬರೆದಿಡಬೇಕು ಅಂತ ನಾನು ಹಟ ಹಿಡಿದೆ. ಸ್ಪ್ಯಾನರ್ ಹಿಡಿದ ಮೇಲೆ ಎಲ್ಲರಿಗೂ "ಇಷ್ಟು ಮಾಡಿದ್ದೀವಿ, ಇನ್ನೊಂದು ಸ್ವಲ್ಪ" ಅನ್ನಿಸುತ್ತದೆ. ಅದಕ್ಕೇ 11 ಅನ್ನುವ ಅಂಕಿಯನ್ನು ಆ ಡಬ್ಬದ ಮೇಲೆಯೇ ದಪ್ಪಗೆ ಬರೆಸಿದೆ, ಅವನ ಕೈಯಲ್ಲೇ.

ಎರಡೂ ಕಂತು ಪರೀಕ್ಷೆಯೂ ಸೇರಿ 70. ಅರ್ಧ ಬೆಲೆ ದಾಟಿದರೆ ರಿಪೇರಿ ಬೇಡ ಅಂತ ಹೇಳುವವರಿದ್ದಾರೆ. ಆ ಪ್ರಕಾರ ಈಗಲೂ ಬೇಡವೇ. ಆದರೆ ಕಾರಿನ ಬೆಲೆಗೆ ರಿಪೇರಿ ಹೋಲಿಸುವುದು ಮಾರಾಟಕ್ಕಾಗಿ ರಿಪೇರಿ ಮಾಡುವವನ ಲೆಕ್ಕ. ಅವನಿಗೆ ಅದು ಸರಿ, ಯಾಕೆಂದರೆ 70 ಹಾಕಿದ ಮಾತ್ರಕ್ಕೆ ಈ ಕಾರು 170ಕ್ಕೆ ಹೋಗುವುದಿಲ್ಲ. ಹೆಚ್ಚೆಂದರೆ 110. ಹೋಂಡಾ ಇಂಟೆಗ್ರಾ ಟೈಪ್ ಆರ್ ತರದ, ಸಂಗ್ರಹಕಾರರು ಹುಡುಕುವ ಕಾರಾದರೆ ಮಾತು ಬೇರೆ. ಇದು ಅಂಥದ್ದಲ್ಲ. ಓಡಿಸುವವನು ಕೇಳಬೇಕಾದ್ದು, ಇದನ್ನು ಬಿಟ್ಟರೆ ನಾನು ಏನು ಓಡಿಸುತ್ತೇನೆ, ಅದಕ್ಕೆ ಎಷ್ಟಾಗುತ್ತದೆ ಅಂತ.

ಅವನ ಓಡಾಟ ತಿಂಗಳಿಗೆ ಸುಮಾರು 1,000 ಕಿಲೋಮೀಟರ್. ಎರಡು ವರ್ಷದ ಲೆಕ್ಕ ಹಾಕಿದೆವು.

ಇದನ್ನೇ ಇಟ್ಟುಕೊಂಡರೆ: ಇವತ್ತು ಸಿಗಬಹುದಾಗಿದ್ದ 45 ಬಿಟ್ಟುಕೊಟ್ಟ ಹಾಗೆ. ರಿಪೇರಿ 70. ಕ್ಲಚ್ 30 ಮತ್ತು ಗೊತ್ತಿಲ್ಲದ್ದಕ್ಕೆ 15, ಒಟ್ಟು 45 ಪಕ್ಕಕ್ಕೆ. ಎರಡು ವರ್ಷದ ಕೊನೆಗೆ ಕಾರಿಗೆ 75 ಸಿಗಬಹುದು. 45, 70, 45 ಕೂಡಿ 75 ಕಳೆದರೆ 85.

ಇದೇ ವಯಸ್ಸಿನ ಇನ್ನೊಂದು ಕಾರು ತಂದರೆ: 100 ಕೊಡಬೇಕು. ತಂದ ತಕ್ಷಣ ಆಯಿಲ್, ಬ್ರೇಕು, ಟೈರು, ಬಹುಶಃ ಅದಕ್ಕೂ ಮಸಿ ತೆಗೆಸುವುದು ಸೇರಿ 30. ಪಕ್ಕಕ್ಕೆ 25. ಕೊನೆಗೆ ಅದೇ 75 ಸಿಗುತ್ತದೆ. ಉಳಿದ ಖರ್ಚು 80.

ನಾಲ್ಕೈದು ವರ್ಷ ಹಳೆಯದು ತಂದರೆ: ಬೆಲೆ 320, ಎರಡು ವರ್ಷಕ್ಕೆ 240ಕ್ಕೆ ಇಳಿಯುತ್ತದೆ ಅಂತ ಹಿಡಿದೆವು. ಆ 80ರ ಜೊತೆ ನಿರ್ವಹಣೆ 20, ಸಾಲದ ಬಡ್ಡಿ ಮತ್ತು ಹೆಚ್ಚಿನ ವಿಮೆ 35. ಒಟ್ಟು 135.

ಮೂರನೆಯದು ಆಟದಲ್ಲೇ ಇಲ್ಲ. ಮೊದಲ ಎರಡು ಸಮ ಸಮ. ಐದು ಪಾಲಿನ ವ್ಯತ್ಯಾಸ ನಮ್ಮ ಅಂದಾಜಿನ ತಪ್ಪಿನಲ್ಲೇ ಮುಳುಗಿಹೋಗುತ್ತದೆ. ಅಂದಮೇಲೆ ತೀರ್ಮಾನ ಬೇರೆ ಕಡೆಯಿಂದ ಬರಬೇಕಾಯಿತು. ನನ್ನ ವಾದ ಇದು: ಈ ಕಾರಿನ ಹೊಟ್ಟೆಯೊಳಗೆ ನಾವು ನೋಡಿದ್ದೇವೆ, ಇನ್ನೊಂದರದ್ದು ನೋಡಿಲ್ಲ. ಹದಿನಾಲ್ಕು ವರ್ಷದ ಟರ್ಬೊ ಕಾರು ಮಾರುವವನು ಯಾಕೆ ಮಾರುತ್ತಿದ್ದಾನೆ? ಬಹುಶಃ ಇವನಿಗೆ ಬಂದಂಥ ಚೀಟಿ ಅವನಿಗೂ ಬಂದಿರುತ್ತದೆ.

ಹುಡುಗನ ವಾದ ಬೇರೆಯೇ ಇತ್ತು. "ಹೋದ ವರ್ಷ ತಾನೇ ಸೈಲೆನ್ಸರ್ ಹಾಕಿಸಿದೀನಿ ಮಾವ, ಟೈರೂ ಹೊಸದು."

ಸೈಲೆನ್ಸರ್ ಲೆಕ್ಕಕ್ಕಿಲ್ಲ ಅಂದೆ. ಹೋದ ದುಡ್ಡು ಹೋಯಿತು, ಅದನ್ನು ಉಳಿಸಲು ಹೊಸ ದುಡ್ಡು ಹಾಕಬಾರದು. ಟೈರು ಮಾತ್ರ ಲೆಕ್ಕಕ್ಕಿದೆ, ಆದರೆ ಕೊಟ್ಟ ಬೆಲೆಯಲ್ಲಿ ಅಲ್ಲ, ಉಳಿದಿರುವ ಆಯಸ್ಸಿನಲ್ಲಿ. ಅಳೆದರೆ ಸವೆತ ಕಮ್ಮಿ, 6 ಮಿಲಿಮೀಟರ್ ಇತ್ತು. ಪಕ್ಕದಲ್ಲಿ ಬರೆದಿರುವ ನಾಲ್ಕು ಅಂಕಿ ನೋಡಿದರೆ (ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ) 'ಹೊಸ' ಟೈರು ಹಾಕಿಸುವಾಗಲೇ ಮೂರು ವರ್ಷ ಹಳೆಯದು. ಅವನು ಆ ವಿಷಯ ಮುಂದುವರಿಸಲಿಲ್ಲ.

ಇನ್ನೊಂದು ಪ್ರಶ್ನೆ ನಾನೇ ಕೇಳಿದೆ. ಎರಡು ವಾರ ಕಾರಿಲ್ಲದೆ ನಡೆಯುತ್ತದಾ? ಅವನ ಹತ್ತಿರ ಬೈಕಿದೆ, ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ನಡೆಯುತ್ತದೆ. ಮನೆಗೆಲ್ಲ ಇದೊಂದೇ ಗಾಡಿ, ದಿನಾ ಮಕ್ಕಳನ್ನು ಬಿಡಬೇಕು ಅನ್ನುವವರಾಗಿದ್ದರೆ ಅಂಕಿಗಳು ಇವೇ ಇದ್ದರೂ ನಾನು ಬೇಡ ಅನ್ನುತ್ತಿದ್ದೆ. ಅಂಥವರಿಗೆ ಹಳೇ ಟರ್ಬೊ ಕಾರು ಎರಡನೇ ಗಾಡಿಯಾಗಿ ಚೆಂದ.

ಮಾಡಿದ್ದು, ಆದದ್ದು

ಮಸಿ ತೆಗೆಯುವುದಕ್ಕೆ ಅಕ್ರೋಟಿನ ಚಿಪ್ಪಿನ ಪುಡಿ ಬಳಸುತ್ತಾರೆ. ಗಾಳಿಯ ರಭಸದಲ್ಲಿ ಅದನ್ನು ವಾಲ್ವಿನ ಮೇಲೆ ಹೊಡೆಯುವುದು, ಇನ್ನೊಂದು ಪೈಪಿನಿಂದ ಹೀರುವುದು. ಮಸಿ ಕಿತ್ತು ಬರುವಷ್ಟು ಗಟ್ಟಿ, ಲೋಹಕ್ಕೆ ಗೀರು ಬೀಳದಷ್ಟು ಮೆದು. ಒಂದೊಂದು ಸಿಲಿಂಡರಿನ ವಾಲ್ವು ಮುಚ್ಚಿದೆಯಾ ಅಂತ ಖಚಿತ ಮಾಡಿಕೊಂಡೇ ಹೊಡೆಯಬೇಕು, ಇಲ್ಲದಿದ್ದರೆ ಪುಡಿ ಸಿಲಿಂಡರಿಗೆ ಇಳಿಯುತ್ತದೆ. ಅರ್ಧ ದಿನದ ಕೆಲಸ. ಮುಗಿದಾಗ ವಾಲ್ವಿನ ಬೆನ್ನು ಬೂದು ಬಣ್ಣಕ್ಕೆ ಹೊಳೆಯುತ್ತಿತ್ತು.

ಜೋಡಿಸಿ, ಬಿಸಿ ಮಾಡಿ, ಗೇಜು ಹಾಕಿ ಸೆಲ್ಫ್ ಹೊಡೆದೆವು. ಮುಳ್ಳು ಏರುವಾಗ ಮೂವರೂ ಮಾತಾಡಲಿಲ್ಲ. 11.3.

ಮುಂದಿನ ಕಂತು ಅಷ್ಟು ರೋಚಕವಲ್ಲ. ಟೆನ್ಷನರ್ ಬಿಚ್ಚಿದಾಗ ಅದರ ಪಿಸ್ಟನ್ ಹೆಚ್ಚುಕಡಿಮೆ ಪೂರ್ತಿ ಹೊರಗೆ ಬಂದಿತ್ತು, ಅಂದರೆ ಚೈನು ಎಳೆದುಕೊಳ್ಳಲು ಅದಕ್ಕೆ ಇನ್ನು ಜಾಗವೇ ಇರಲಿಲ್ಲ. ಒಂದು ಗೈಡ್ ಬಿರುಕು ಬಿಟ್ಟಿತ್ತು. ಈ ಎಂಜಿನ್ನಿನಲ್ಲಿ ಚೈನು ಒಂದು ಹಲ್ಲು ಹಾರಿದರೂ ಪಿಸ್ಟನ್ನು ವಾಲ್ವಿಗೆ ಹೊಡೆಯುವ ಅಪಾಯ ಇದೆ. ಇದೊಂದನ್ನು ಮುಂದಕ್ಕೆ ಹಾಕದೆ ಇದ್ದದ್ದು ಒಳ್ಳೆಯದಾಯಿತು. ಒಟ್ಟು 12 ದಿನ ಕಾರು ನಿಂತಿತ್ತು. ಖರ್ಚು 70ರ ಬದಲು 73.

ಈಗ ಹನ್ನೊಂದು ತಿಂಗಳಾಗಿದೆ. 11,600 ಕಿಲೋಮೀಟರ್ ಓಡಿದೆ. ಆಯಿಲ್ ಈಗ 5,000 ಕಿಲೋಮೀಟರಿಗೆ ಒಂದು ಲೀಟರಿಗಿಂತ ಕಮ್ಮಿ ಕೇಳುತ್ತದೆ. ಹುಡುಗ ಪ್ರತಿ ಭಾನುವಾರ ಡಿಪ್‌ಸ್ಟಿಕ್ ಎಳೆದು ನೋಡುತ್ತಾನೆ. ಕ್ಲಚ್ ಏಳನೇ ತಿಂಗಳಲ್ಲಿ ಕೈ ಕೊಟ್ಟಿತು. ಗೇರ್ ಬಾಕ್ಸ್ ಹೇಗೂ ಇಳಿದಿದೆಯಲ್ಲ ಅಂತ ಹಿಂದಿನ ಆಯಿಲ್ ಸೀಲನ್ನೂ ಬದಲಿಸಿದೆವು, 30 ಅಂದುಕೊಂಡದ್ದು 33 ಆಯಿತು.

ನನ್ನದೂ ಒಂದು ತಪ್ಪಾಗಿತ್ತು. ಮೊದಲ ದಿನವೇ ಹಿಂದಿನಿಂದ ಹೂಂ ಅನ್ನುವ ಸದ್ದಿತ್ತು. ಹಳೇ ಟೈರಿನ ಸದ್ದು ಬಿಡು ಅಂತ ನಾನೇ ಹೇಳಿದ್ದೆ. ಅದು ವೀಲ್ ಬೇರಿಂಗ್. ತಿರುವಿನಲ್ಲಿ ಸದ್ದು ಏರಿಳಿಯುತ್ತದಾ ಅಂತ ಒಂದು ಸಲ ಗಮನಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಅದಕ್ಕೆ 4. ಪಕ್ಕಕ್ಕಿಟ್ಟ 45ರಲ್ಲಿ 37 ಹೋಗಿದೆ, 8 ಉಳಿದಿದೆ, ಇನ್ನೂ ಹದಿಮೂರು ತಿಂಗಳಿದೆ. ಚಕ್ರದ ಕಮಾನಿನ ತೂತು ಹಾಗೇ ಇದೆ. ತೇಪೆ ಹಾಕಿಸು ಅಂದರೆ ಮುಂದಿನ ತಿಂಗಳು ಅನ್ನುತ್ತಾನೆ.

ಮೊನ್ನೆ ಬೆಳಿಗ್ಗೆ ಒಂದು ವಿಡಿಯೋ ಕಳಿಸಿದ್ದ. ರಾತ್ರಿಯಿಡೀ ನಿಂತ ಕಾರಿನ ಮೊದಲ ಸ್ಟಾರ್ಟು. ಕರಕರ ಇಲ್ಲ, ಒಂದೇ ಸಲಕ್ಕೆ ಹಿಡಿದು ಮೆತ್ತಗೆ ಗುರುಗುಟ್ಟುತ್ತಿತ್ತು. ಕೆಳಗೆ ಒಂದು ಸಾಲು ಬರೆದಿದ್ದ: "ಮಾವ, ಕ್ಲಚ್ ಹೊಸದಾಯ್ತಲ್ಲ, ಆ ಹಳೇ ಟ್ಯೂನ್ ಫೈಲ್ ಮೆಕ್ಯಾನಿಕ್ ಹತ್ರ ಇನ್ನೂ ಇರುತ್ತಾ?"

ನಾನಿನ್ನೂ ಉತ್ತರ ಕೊಟ್ಟಿಲ್ಲ.